ಎರಡು ಬೇಳೆಯ ಸಸ್ಯಗಳು

ದ್ವಿದಳ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ತೊಗರಿ, ಕಡಲೆ, ಹೆಸರು ಮೊದಲಾದ ಕಾಳುಗಳು. ಕಾಳನ್ನು ಒಡೆದಾಗ ದೊರೆಯುವ ಎರಡು ಬೇಳೆಗಳೇ ಅದರ ಬೀಜದಳಗಳು. ಮೊಳಕೆಗೆ ತಾಯಿಗಿಡವು ಕಟ್ಟಿಕೊಟ್ಟ ಬುತ್ತಿ. ಆದರೆ ಸಸ್ಯಶಾಸ್ತ್ರದ ದ್ವಿದಳ ವರ್ಗವು ಕಾಳುಗಳಿಗಷ್ಟೇ ಸೀಮಿತವಲ್ಲ. ಹತ್ತಿ, ಶೇಂಗಾ, ಸೂರ್ಯಕಾಂತಿ, ಬೇವು, ಹುಣಸೆ, ಮಲ್ಲಿಗೆ ಇವೆಲ್ಲವೂ ಅದರಲ್ಲಿಯೇ ಸೇರುತ್ತವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಹೊಲಗಳಲ್ಲಿ ಎರಡು ಬಗೆಯ ಬೆಳೆಗಳನ್ನೂ ಕಾಣಬಹುದು. ಜೋಳ, ಸಜ್ಜೆ, ಮೆಕ್ಕೆಜೋಳಗಳು ಏಕದಳಗಳು. ಅವುಗಳ ಎಲೆಯಲ್ಲಿ ನರಗಳು ಸಾಲಾಗಿ ಓಡುತ್ತವೆ. ದ್ವಿದಳಗಳ ಎಲೆಯಲ್ಲಿ ಅವು ಬಲೆಯಂತೆ ಹೆಣೆದಿರುತ್ತವೆ.

ಈ ಭೇದವು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಮಾತಲ್ಲ. ಟು-ಫೋರ್-ಡಿ ಎಂಬ ಕಳೆನಾಶಕವು ಸಸ್ಯದ ಬೆಳವಣಿಗೆಯ ಹಾರ್ಮೋನಿನಂತೆ ವರ್ತಿಸಿ ಅಗಲ ಎಲೆಯ ದ್ವಿದಳಗಳನ್ನು ತಿರುಚಿ ಕೊಲ್ಲುತ್ತದೆ. ಜೋಳವು ಅದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲಿದ್ದರೆ ಕಳೆಯೊಡನೆ ತೊಗರಿಯೂ ಹೋಗುವುದು. ಗಾಳಿಯಲ್ಲಿ ತೇಲಿದ ಹನಿಗಳಿಂದ ನೆರೆಯವನ ಹತ್ತಿಯೂ ಕೆಡುವುದು.

ಬೀಜದಳಗಳ ಸಂಖ್ಯೆಯನ್ನು ವರ್ಗೀಕರಣಕ್ಕೆ ಬಳಸಿದ ಮೊದಲಿಗರಲ್ಲಿ ಇಂಗ್ಲೆಂಡಿನ ಜಾನ್ ರೇ ಪ್ರಮುಖನು. ಅವನ ಗ್ರಂಥ 1682ರಲ್ಲಿ ಹೊರಬಂದಿತು. ಅನಂತರ ಬೆಂಥಮ್ ಮತ್ತು ಹೂಕರ್ ಎಂಬ ವಿದ್ವಾಂಸರು 1862ರಿಂದ 1883ರವರೆಗೆ ಪ್ರಕಟಿಸಿದ ‘ಜೆನೆರಾ ಪ್ಲಾಂಟಾರಂ’ ಗ್ರಂಥದಲ್ಲಿ ದ್ವಿದಳಗಳನ್ನು ಹೂವಿನ ಎಸಳು ನೋಡಿ ಮೂರಾಗಿ ವಿಂಗಡಿಸಿದರು. ಹತ್ತಿಯ ಹೂವಿನಂತೆ ಎಸಳುಗಳು ಬಿಡಿಬಿಡಿಯಾಗಿರುವುವು ಒಂದು ಗುಂಪು. ಹಡಗಲಿಯ ಮಲ್ಲಿಗೆಯಂತೆ ಎಸಳುಗಳು ಬುಡದಲ್ಲಿ ಕೂಡಿ ಕೊಳವೆಯಾಗಿರುವುವು ಎರಡನೆಯದು. ಔಡಲದಂತೆ ಎಸಳೇ ಇಲ್ಲದೆ ಒಂದೇ ಸುತ್ತಿನ ಹೊದಿಕೆಯುಳ್ಳವು ಮೂರನೆಯದು. ಬರಿಗಣ್ಣಿನಿಂದಲೇ ಗುರುತಿಸಬಹುದಾದ್ದರಿಂದ ಈ ಕ್ರಮವು ಇಂದಿಗೂ ಅಭ್ಯಾಸಕ್ಕೆ ಅನುಕೂಲವಾಗಿದೆ.

ಆದರೆ ಅನುಕೂಲವೇ ಬೇರೆ, ನೆಂಟಸ್ತಿಕೆಯೇ ಬೇರೆ. ನಮ್ಮ ಕಡೆಯ ಕಲ್ಲುಗುಡ್ಡಗಳಲ್ಲಿ ಬೆಳೆಯುವ ಸೀತಾಫಲವನ್ನು ನೋಡಿರಿ. ಅದರ ಬೀಜಕ್ಕೆ ದಳಗಳು ಎರಡೇ. ಎಲೆಯ ನರಗಳೂ ಬಲೆಯಂತೆಯೇ. ಆದರೆ ದ್ವಿದಳಗಳ ಹೂವಿನಲ್ಲಿ ಸಾಮಾನ್ಯವಾಗಿ ಎಸಳುಗಳು ನಾಲ್ಕು ಅಥವಾ ಐದರ ಲೆಕ್ಕದಲ್ಲಿದ್ದರೆ, ಇದರಲ್ಲಿ ಏಕದಳಗಳಂತೆ ಮೂರರ ಲೆಕ್ಕ! 1998ರಲ್ಲಿ ಹಲವು ದೇಶಗಳ ಸಸ್ಯಶಾಸ್ತ್ರಜ್ಞರು ಕೂಡಿ ಜೀನುಗಳ ಹೋಲಿಕೆಯಿಂದ ಹೊಸ ವರ್ಗೀಕರಣವನ್ನು ಪ್ರಕಟಿಸಿದರು. ಅದರಂತೆ ಎರಡು ಬೀಜದಳವುಳ್ಳ ಸಸ್ಯಗಳೆಲ್ಲ ಒಂದೇ ವಂಶದವಲ್ಲ. ಪರಾಗಕಣದಲ್ಲಿ ಮೂಲತಃ ಮೂರು ಸೀಳುಗಳಿರುವ ‘ನಿಜದ್ವಿದಳ’ಗಳು ಒಂದು ದೊಡ್ಡ ವಂಶ, ಹೂಬಿಡುವ ಸಸ್ಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಅವೇ. ಸೀತಾಫಲ, ಸಂಪಿಗೆ, ಕಾಳುಮೆಣಸು, ವೀಳ್ಯದೆಲೆಯ ಬಳ್ಳಿ ಇವು ಅದರಿಂದ ಹೊರಗಿನ ಬೇರೊಂದು ಶಾಖೆ. ಎರಡು ಬೀಜದಳವೆಂಬುದು ಹೂಬಿಡುವ ಸಸ್ಯಗಳ ಪೂರ್ವಿಕರಿಂದ ಬಂದ ಹಳೆಯ ಲಕ್ಷಣ; ಅದೊಂದನ್ನೇ ಹಿಡಿದು ಕುಲವನ್ನು ನಿರ್ಣಯಿಸಲಾಗದು.

ಸಹಪಾಠಿಗಳು ಈ ಮುಂಗಾರಿನಲ್ಲಿ ಹತ್ತಿ, ತೊಗರಿ ಬೀಜಗಳನ್ನು ಒಂದೇ ಕುಂಡದಲ್ಲಿ ಊರಿ ನೋಡಬೇಕು. ಹತ್ತಿಯ ದಳಗಳು ಮೇಲೆದ್ದು ಹಸುರಾಗುವುವು. ತೊಗರಿಯವು ಮಣ್ಣಿನೊಳಗೇ ಉಳಿಯುವುವು. ದ್ವಿದಳಗಳೊಳಗೂ ಎಷ್ಟು ಭೇದವಿದೆಯೆಂಬುದು ಪುಸ್ತಕವಿಲ್ಲದೆಯೇ ತಿಳಿಯುವುದು.