ಮನೆಯ ಗಣಕಯಂತ್ರಕ್ಕೆ ಬೀಗ ಬೇಕೆ?

ಬಾನುಲಿಯ ಕಾರ್ಯಕ್ರಮಗಳು ಈಗ ಅನೇಕ ಮನೆಗಳಲ್ಲಿ ಗಣಕಯಂತ್ರದಿಂದಲೇ ಕೇಳಿಬರುತ್ತವೆ. ಜರಗನಹಳ್ಳಿಯ ನಮ್ಮ ಮನೆಯಲ್ಲಿಯೂ ಹಾಗೆಯೆ. ಆದರೆ ವಿದ್ಯುತ್ತು ಹೋಗಿ ಬಂದಾಗಲೆಲ್ಲ ಯಂತ್ರವು, ‘ಯಾರು ನೀನು? ಗುಟ್ಟಿನ ಮಾತು ಹೇಳು’ ಎಂದು ಹೊಸ್ತಿಲಲ್ಲೇ ತಡೆಯುತ್ತದೆ. ಎಂಬತ್ತು ದಾಟಿದ ನಮ್ಮ ತಾಯಿಯವರು ಇಂಗ್ಲಿಷ್ ಅಕ್ಷರಗಳ ಆ ಪಾಸ್‌ವರ್ಡನ್ನು ಒತ್ತಲಾರದೆ, ನಾನು ಶಾಲೆಯಿಂದ ಬರುವ ತನಕ ಕಾದು ಕುಳಿತಿರುತ್ತಿದ್ದರು. ನಿಮ್ಮಲ್ಲಿಯೂ ಇಂಥ ಹಿರಿಯರು ಇದ್ದಾರಲ್ಲವೆ?

ಈ ತಡೆ ಹುಟ್ಟಿದ್ದು ಮನೆಗಾಗಿ ಅಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಒಂದೇ ದೊಡ್ಡ ಗಣಕವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದರು. ಒಬ್ಬರ ಕಡತ ಮತ್ತೊಬ್ಬರ ಕೈಗೆ ಸಿಗದಿರಲೆಂದು ಫೆರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಮಾಡಿದ ಏರ್ಪಾಡು ಇದು. 1962ರಲ್ಲಿಯೇ ಅಲನ್ ಶೆರ್ ಎಂಬ ಸಂಶೋಧಕರು, ತಮಗೆ ಇನ್ನಷ್ಟು ಹೊತ್ತು ಗಣಕ ಸಿಗಲೆಂದು, ಎಲ್ಲರ ಪಾಸ್‌ವರ್ಡುಗಳ ಪಟ್ಟಿಯನ್ನೂ ಮುದ್ರಿಸಿಕೊಂಡುಬಿಟ್ಟರು!

ವಿಂಡೋಸ್ ಉಳ್ಳ ಗಣಕದಲ್ಲಿ ಈ ತಡೆಯನ್ನು ಹೀಗೆ ತೆಗೆಯಬಹುದು. ವಿಂಡೋಸ್ ಗುರುತಿನ ಕೀಲಿಯನ್ನು ಹಿಡಿದು ‘ಆರ್’ ಒತ್ತಿ. ಬಂದ ಚೌಕದಲ್ಲಿ ಎನ್, ಇ, ಟಿ, ಪಿ, ಎಲ್, ಡಬ್ಲ್ಯು, ಐ, ಜೆಡ್ ಎಂಬ ಎಂಟು ಅಕ್ಷರಗಳನ್ನು ಕೂಡಿಸಿ ಬರೆದು ‘ಎಂಟರ್’ ಒತ್ತಿದರೆ ಬಳಕೆದಾರರ ಪಟ್ಟಿ ತೆರೆಯುತ್ತದೆ. ಬೇಕಾದ ಹೆಸರನ್ನು ಆರಿಸಿಕೊಂಡು, ಹೆಸರು ಮತ್ತು ಪಾಸ್‌ವರ್ಡ್ ಕೊಡಲೇಬೇಕೆಂಬ ಸಾಲಿನ ಮುಂದಿರುವ ಗುರುತನ್ನು ತೆಗೆದು, ‘ಅಪ್ಲೈ’ ಒತ್ತಿ, ಆ ಹೆಸರಿನ ಪಾಸ್‌ವರ್ಡನ್ನು ಎರಡು ಸಲ ಬರೆಯಿರಿ. ಪಿನ್ ಅಂಕಿಗಳು ಇಲ್ಲಿ ನಡೆಯವು. ಆ ಸಾಲೇ ಕಾಣದಿದ್ದರೆ ಗಾಬರಿ ಬೇಡ. ಸೆಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ಸೈನ್-ಇನ್ ಆಪ್ಷನ್ಸ್ ತೆರೆದು, ವಿಂಡೋಸ್ ಹೆಲೋ ಒಂದನ್ನೇ ಒಪ್ಪುವ ಗುಂಡಿಯನ್ನು ಬಂದ್ ಮಾಡಿ ಮತ್ತೆ ಬನ್ನಿ.

ಆದರೆ ಯಾರ ಹೆಸರನ್ನು ಆರಿಸಬೇಕು? ನಾನು ಎಡವಿದ್ದು ಇಲ್ಲಿಯೆ. ನನ್ನ ಹೆಸರನ್ನೇ ಆರಿಸಿದೆ. ವ್ಯಾಕರಣ ಪಾಠಕ್ಕೆಂದು ಮನೆಗೆ ಬರುವ ಹುಡುಗರು, ನಾನು ಕಾಫಿಗೆಂದು ಒಳಗೆ ಹೋಗಿದ್ದಾಗ ಯಂತ್ರದ ಗುಂಡಿ ಒತ್ತಿದರು. ಎದುರಿಗೇ ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ! ಅವರು ಪ್ರಾಮಾಣಿಕರು, ಹೇಳಿದರು. ನಾನು ರಾತ್ರಿಯೆಲ್ಲ ಕುಳಿತು ಹೊಸದಾಗಿ ಬರೆದೆ. ಪ್ರಶ್ನೆಪತ್ರಿಕೆಯ ಮಾತು ಹಾಗಿರಲಿ. ಬ್ರೌಸರಿನಲ್ಲಿ ಬ್ಯಾಂಕಿನ ಪಾಸ್‌ವರ್ಡನ್ನು ಉಳಿಸಿಟ್ಟಿದ್ದರೆ ಯಂತ್ರದ ಮುಂದೆ ಕುಳಿತವರೆಲ್ಲರಿಗೂ ಅದರ ಹಾದಿ ತೆರೆದಂತೆಯೆ.

ಈಗ ತಾಯಿಯವರಿಗೆಂದು ಆಡಳಿತದ ಅಧಿಕಾರವಿಲ್ಲದ ಬೇರೆಯ ಖಾತೆಯೊಂದನ್ನು ಮಾಡಿ, ಅದನ್ನು ಮಾತ್ರ ತಾನಾಗಿ ತೆರೆಯುವಂತೆ ಇಟ್ಟಿದ್ದೇನೆ. ಅದರಲ್ಲಿ ಬಾನುಲಿ, ಹಾಡು, ಮೊಮ್ಮಕ್ಕಳ ಚಿತ್ರಗಳು ಇವೆ. ನನ್ನ ಖಾತೆಗೆ ಪಾಸ್‌ವರ್ಡ್ ಹಾಗೆಯೇ ಇದೆ. ಬೇಕಾದಾಗ ಬಳಕೆದಾರರನ್ನು ಬದಲಿಸಿಕೊಳ್ಳುತ್ತೇನೆ. ಯಂತ್ರ ನಿದ್ದೆಯಿಂದ ಎದ್ದಾಗ ಮತ್ತೆ ಕೇಳುವುದಾದರೆ, ಅದೇ ಸೈನ್-ಇನ್ ಆಪ್ಷನ್ಸ್‌ನಲ್ಲಿ ‘ನೆವರ್’ ಎಂದಿಡಬಹುದು. ಆದರೆ ಆ ಆಯ್ಕೆಯನ್ನು ತಾಯಿಯವರ ಖಾತೆಯೊಳಗೆ ಇದ್ದುಕೊಂಡೇ ಮಾಡಬೇಕು. ಚೀಲದಲ್ಲಿ ಹೊತ್ತೊಯ್ಯುವ ಲ್ಯಾಪ್‌ಟಾಪಿಗಂತೂ ಇದಾವುದೂ ಬೇಡ.