ಹಿತ್ತಲ ಗಿಡ

'ಹಿತ್ತಲ ಗಿಡ ಮದ್ದಲ್ಲ' ಎಂಬುದು ಕನ್ನಡಿಗರಿಗೆಲ್ಲ ಪರಿಚಿತವಾದ ಗಾದೆ. ಕೈಗೆ ಸುಲಭವಾಗಿ ದೊರೆಯುವುದರ ಬೆಲೆಯನ್ನು ಮನುಷ್ಯನು ಅರಿಯುವುದಿಲ್ಲವೆಂಬುದು ಇದರ ತಾತ್ಪರ್ಯ. ಈ ಮಾತು ಹಿತ್ತಲಿನ ಗಿಡಕ್ಕೆ ಸಲ್ಲುವಂತೆಯೇ ಆ ಗಿಡವನ್ನು ನೆಟ್ಟು ಬೆಳೆಸಿದ ಮನೆಯ ಹಿರಿಯರಿಗೂ ಸಲ್ಲುತ್ತದೆ.

ರೋಣ, ನರಗುಂದ, ಗಜೇಂದ್ರಗಡಗಳು ಗದಗ ಜಿಲ್ಲೆಯ ಬಯಲುಸೀಮೆಯ ತಾಲ್ಲೂಕುಗಳು. ಇಲ್ಲಿ ವರುಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ; ಮಲೆನಾಡಿನ ಆಗುಂಬೆಯಲ್ಲಿ 7000 ಮಿಲಿಮೀಟರಿಗೂ ಮಿಗಿಲಾಗಿ ಸುರಿಯುತ್ತದೆ. ನೀರು ಈ ಸೀಮೆಯ ಜನರಿಗೆ ಎಷ್ಟು ದೊಡ್ಡ ಪ್ರಶ್ನೆಯೆಂಬುದನ್ನು 1980ರ ಜುಲೈ ತಿಂಗಳಿನಲ್ಲಿ ನರಗುಂದದಲ್ಲಿ ಸಿಡಿದ ರೈತರ ಬಂಡಾಯವೂ 2015ರಲ್ಲಿ ಅಲ್ಲಿಯೇ ಆರಂಭವಾದ ಕಳಸಾ-ಬಂಡೂರಿ ಹೋರಾಟವೂ ನಾಡಿಗೆ ತಿಳಿಸಿಕೊಟ್ಟವು. ಮಲಪ್ರಭೆಯ ಕಾಲುವೆಯ ನೀರು ಹೊಲಗಳಿಗೆ ಹರಿದರೂ ಮನೆಯ ಹಿತ್ತಲಿಗೆ ಬರುವುದಿಲ್ಲ. ಇಂತಹ ಕಡೆಯಲ್ಲಿಯೂ ಹಿತ್ತಲಿನಲ್ಲಿ ಹಸಿರು ಉಳಿದಿದ್ದರೆ ಅದರ ಹಿಂದೆ ಒಬ್ಬ ಅಜ್ಜನ ಅಥವಾ ಅಜ್ಜಿಯ ಜಾಣ್ಮೆ ಇದ್ದೇ ಇರುತ್ತದೆ.

ಆ ಜಾಣ್ಮೆಯ ಮೊದಲ ಪಾಠ ಮಣ್ಣಿನದು. ಈ ಭಾಗದ ಬಹುಪಾಲು ಭೂಮಿ ಎರೆಭೂಮಿ. ಎರೆಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಆದುದರಿಂದ ಅದು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬಿರುಕುಗಳ ಮೂಲಕ ಒಳಗಿನ ತೇವವೆಲ್ಲ ಆರಿಹೋಗುತ್ತದೆ. ಅಜ್ಜನು ಬಿರುಕು ಕಾಣಿಸಿಕೊಳ್ಳುವ ಮೊದಲೇ ಮೇಲ್ಮಣ್ಣನ್ನು ಕುರ್ಪಿಯಿಂದ ಕೆದಕಿಸುತ್ತಾನೆ. ಪುಡಿಯಾದ ಮಣ್ಣು ಬಿರುಕನ್ನು ಮುಚ್ಚಿ ಕೆಳಗಿನ ತೇವವನ್ನು ಕಾಯುತ್ತದೆ. ನೀರುಣಿಸುವ ಮುನ್ನ ಮೊಮ್ಮಗನಿಗೆ ಆತನು ಹೇಳುವ ಮಾತು ಚಿಕ್ಕದು: "ಮದ್ಲ ಮಣ್ಣು ಮುಟ್ಟಿ ನೋಡಪಾ. ಕೈಗೆ ಅಂಟಿದ್ರ ಇವತ್ತು ನೀರು ಬ್ಯಾಡ." ಎರೆಮಣ್ಣು ನೀರನ್ನು ಬಹುಕಾಲ ಹಿಡಿದಿಡುತ್ತದೆ; ಮೇಲಿಂದ ಮೇಲೆ ನೀರು ಹಾಕಿದರೆ ಬೇರಿಗೆ ಗಾಳಿ ದೊರೆಯದೆ ಅದು ಕೊಳೆಯುತ್ತದೆ. ಮಸಾರಿ ಮಣ್ಣಿನ ಗುಣ ಬೇರೆ. ಅದು ನೀರನ್ನು ಬೇಗನೆ ಇಳಿಯಗೊಡುವುದರಿಂದ ಅಲ್ಲಿ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ನೀರುಣಿಸಬೇಕು. ಎರಡಕ್ಕೂ ತಿಪ್ಪೆಗೊಬ್ಬರವೇ ಹಿತ.

ಎರಡನೆಯ ಪಾಠ ನೀರಿನದು. ಬಚ್ಚಲ ನೀರು ಹರಿಯುವಲ್ಲಿ ಬಾಳೆಯನ್ನೂ ಕೆಸುವನ್ನೂ ನೆಡುವುದು ಹಳೆಯ ಪದ್ಧತಿ. ಬೇಸಿಗೆಯಲ್ಲಿ ಸಣ್ಣ ಮಣ್ಣಿನ ಮಡಕೆಯನ್ನು ಕಂಠದವರೆಗೆ ನೆಲದಲ್ಲಿ ಹೂಳಿ, ನೀರು ತುಂಬಿ, ಬಾಯಿಯನ್ನು ಮುಚ್ಚಿಡುವುದೂ ಉಂಟು. ಸುತ್ತಲಿನ ಮಣ್ಣು ಒಣಗಿದಷ್ಟೂ ನೀರು ಮಡಕೆಯಿಂದ ಜಿನುಗುತ್ತದೆ. ತೇವವಿದ್ದಾಗ ಜಿನುಗುವುದು ತಗ್ಗುತ್ತದೆ. ಎರಡು ಸಾವಿರ ವರುಷಗಳ ಹಿಂದಿನ ಚೀನಾ ದೇಶದ ಒಂದು ಕೃಷಿಗ್ರಂಥದಲ್ಲಿಯೂ ಈ ವಿಧಾನದ ವಿವರಣೆಯಿದೆ. ನೀರಿನ ಕೊರತೆ ಇರುವ ಕಡೆಗಳಲ್ಲೆಲ್ಲ ಮನುಷ್ಯನ ಬುದ್ಧಿ ಒಂದೇ ದಾರಿಯಲ್ಲಿ ನಡೆದಿರುವುದು ಸೋಜಿಗವಲ್ಲವೆ?

ಹಾಗೆಂದು ಕಲಿಸುವ ಕೆಲಸ ಹಿರಿಯರದು ಮಾತ್ರವಲ್ಲ. ಅಜ್ಜಿಯ ಬಾಲ್ಯದಲ್ಲಿ ಬಚ್ಚಲ ನೀರಿನಲ್ಲಿ ಇರುತ್ತಿದ್ದುದು ಸೀಗೆಪುಡಿ, ಕಡಲೆಹಿಟ್ಟು. ಇಂದು ಇರುವುದು ಸಾಬೂನು, ಬಟ್ಟೆ ತೊಳೆಯುವ ಪುಡಿ. ಅಂತಹ ನೀರನ್ನು ಮರಳು-ಜಲ್ಲಿ ತುಂಬಿದ ಗುಂಡಿಯಲ್ಲಿ ಇಳಿಸಿ ಬಾಳೆಗೆ ಬಿಡಬಹುದೇ ಹೊರತು, ಜೋಳದ ರೊಟ್ಟಿಯೊಡನೆ ಹಸಿಯಾಗಿಯೇ ತಿನ್ನುವ ಮೆಂತ್ಯ, ಹಕ್ಕರಕಿಗಳಂತಹ ಸೊಪ್ಪಿಗೆ ಬಿಡಬಾರದು. ಶಾಲೆಯಲ್ಲಿ ವಿಜ್ಞಾನವನ್ನು ಕಲಿತ ಮೊಮ್ಮಗಳು ಇದನ್ನು ವಿನಯದಿಂದ ತಿಳಿಸಿದರೆ ಅಜ್ಜಿಯು ಒಪ್ಪದೆ ಇರಲಾರಳು.

ಮೂರನೆಯದು, ಎಲ್ಲಕ್ಕಿಂತ ಮಿಗಿಲಾದುದು, ಬೀಜದ ಪಾಠ. ಹೀರೆಯ ಹೂವು ಸಂಜೆ ಅರಳುತ್ತದೆ. ಒಂದೇ ಬಳ್ಳಿಯಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬೇರೆ ಬೇರೆಯಾಗಿರುತ್ತವೆ. ಬುಡದಲ್ಲಿ ಎಳೆಯ ಕಾಯಿಯ ಆಕಾರವಿರುವುದೇ ಹೆಣ್ಣು ಹೂವು. ಬೀಜಕ್ಕಾಗಿ ಅಜ್ಜಿಯು ರೋಗವಿಲ್ಲದ ಬಳ್ಳಿಯ ಒಂದು ತುಂಬು ಕಾಯಿಗೆ ದಾರ ಕಟ್ಟಿ ಗುರುತು ಮಾಡುತ್ತಾಳೆ. ಆ ಕಾಯಿಯನ್ನು ಯಾರೂ ಕೊಯ್ಯುವಂತಿಲ್ಲ. ಅದು ಬಳ್ಳಿಯಲ್ಲಿಯೇ ಒಣಗಿ, ಅಲುಗಿಸಿದರೆ ಗಲಗಲ ಸಪ್ಪಳ ಮಾಡಿದಾಗ ಬೀಜ ಬಲಿತಿದೆಯೆಂದು ಅರ್ಥ. ಸವತೆ, ಕುಂಬಳಗಳ ಬೀಜವನ್ನು ತೊಳೆದು, ಬೂದಿಯಲ್ಲಿ ಹೊರಳಿಸಿ, ನೆರಳಿನಲ್ಲಿ ಒಣಗಿಸಿ, ಬೇವಿನ ಎಲೆಯೊಡನೆ ಗಡಿಗೆಯಲ್ಲಿ ಕಟ್ಟಿಡುತ್ತಾರೆ. ಬೂದಿಯು ತೇವವನ್ನು ಹೀರುತ್ತದೆ, ಹುಳುವನ್ನು ತಡೆಯುತ್ತದೆ. ತೇವವೂ ಕಾವೂ ತಗಲದ ಬೀಜವು ಮೊಳೆಯುವ ಶಕ್ತಿಯನ್ನು ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆಂಬುದನ್ನು ಇಂದಿನ ವಿಜ್ಞಾನವೂ ಒಪ್ಪುತ್ತದೆ.

ಆದರೆ ಆ ಗಡಿಗೆಗಳ ಮೇಲೆ ಹೆಸರಿರುವುದಿಲ್ಲ. ಕಣ್ಣು ಮಂಜಾದರೂ ಅಜ್ಜಿಯು ಬೆರಳಿನಿಂದ ಮುಟ್ಟಿ 'ಇದು ಪುಂಡಿ, ಇದು ಬೆಂಡೆ' ಎಂದು ಗುರುತಿಸಬಲ್ಲಳು. ಯಾವುದನ್ನು ಯಾವ ಮಳೆಗೆ ಊರಬೇಕು, ಯಾವ ಬದನೆಯು ಬರಗಾಲವನ್ನು ತಾಳಿತು, ಯಾವ ಬಳ್ಳಿಯ ಬೀಜವು ಯಾರ ಮನೆಯಿಂದ ಬಂದಿತು ಎಂಬುದೆಲ್ಲ ಆಕೆಯ ನೆನಪಿನಲ್ಲಿ ಮಾತ್ರ ಇರುತ್ತದೆ. ಆಕೆ ತೀರಿಕೊಂಡ ಮೇಲೆ ಗಡಿಗೆ ಉಳಿಯುತ್ತದೆ, ಅದರ ಅರ್ಥ ಉಳಿಯುವುದಿಲ್ಲ. ಊರದೆ ಬಿಟ್ಟ ಬೀಜ ಕೆಲವು ವರುಷಗಳಲ್ಲಿ ಸತ್ತುಹೋಗುತ್ತದೆ. ಹಲವು ತಲೆಮಾರುಗಳು ಕಾಪಾಡಿಕೊಂಡು ಬಂದ ತಳಿಯೊಂದು ಹೀಗೆ ಸದ್ದಿಲ್ಲದೆ ಅಳಿಯಬಹುದು. ಆದುದರಿಂದ ಮೊಮ್ಮಕ್ಕಳು ಆಕೆಯ ಬಳಿ ಕುಳಿತು, ಪ್ರತಿ ಗಡಿಗೆಗೂ ಒಂದು ಚೀಟಿ ಬರೆದು ಅಂಟಿಸುವುದು ಸಣ್ಣ ಕೆಲಸವೆನಿಸಿದರೂ ದೊಡ್ಡ ಸೇವೆ.

ಮುಪ್ಪು ಶಕ್ತಿಯನ್ನು ಕುಗ್ಗಿಸುತ್ತದೆ, ನಿಜ. ಆದರೆ ಜೀವಮಾನವೆಲ್ಲ ದುಡಿದವರ ಕೈಯಿಂದ ಕುರ್ಪಿಯನ್ನು ಕಸಿದು 'ಸುಮ್ಮನೆ ಕುಳಿತಿರಿ' ಎನ್ನುವುದು ದಯೆಯಂತೆ ಕಂಡರೂ ದಯೆಯಲ್ಲ. ಅಗೆಯುವುದು, ನೀರು ಹೊರುವುದು ಕಿರಿಯರ ಪಾಲಿಗಿರಲಿ. ಬೀಜ ಆರಿಸುವುದು, ಸಸಿಗಳನ್ನು ಬಿಡಿಸುವುದು, ಮಡಿಯನ್ನು ನೋಡಿ ತಪ್ಪು ಹೇಳುವುದು ಹಿರಿಯರ ಪಾಲಿಗಿರಲಿ. ಬಿಸಿಲೇರುವ ಮೊದಲು, ಇಲ್ಲವೆ ಹೊತ್ತು ಇಳಿದ ಮೇಲೆ, ನೆರಳಿನಲ್ಲಿ ಒಂದು ಮಣೆಯನ್ನಿಟ್ಟು ಕೊಟ್ಟರೆ ಸಾಕು. ಒಬ್ಬರಲ್ಲಿ ತೋಳಿನ ಬಲ, ಇನ್ನೊಬ್ಬರಲ್ಲಿ ಅನುಭವದ ಬಲ. ಹಿತ್ತಲಿಗೆ ಎರಡೂ ಬೇಕು.

ಮುಂದಿನ ಮಳೆಗಾಲದಲ್ಲಿ ಮೊಮ್ಮಗಳು ತಾನೇ ಚೀಟಿ ಬರೆದ ಗಡಿಗೆಯಿಂದ ನಾಲ್ಕು ಹೀರೆಯ ಬೀಜಗಳನ್ನು ತೆಗೆದು ಬೇಲಿಯ ಬುಡದಲ್ಲಿ ಊರಿದರೆ ಆ ಬಳ್ಳಿಯ ಬಾಳು ಮತ್ತೊಂದು ತಲೆಮಾರಿಗೆ ಮುಂದುವರಿಯುತ್ತದೆ. ಅಂತಹ ಮನೆಯವರು 'ಹಿತ್ತಲ ಗಿಡ ಮದ್ದಲ್ಲ' ಎಂದು ಎಂದಿಗೂ ಹೇಳಲಾರರು.