ಪಿತ್ತನಾಳದ ಕ್ಯಾನ್ಸರಿಗೆ ರಕ್ತದ ಸಾಕ್ಷ್ಯ

ಕಣ್ಣು ಹಳದಿಯಾದರೆ ನಾವು ಕಾಮಾಲೆಯೆಂದು ಹೆಸರಿಟ್ಟು ಮದ್ದು ಹುಡುಕುತ್ತೇವೆ. ಆದರೆ ಕಾಮಾಲೆಯೆಂಬುದು ರೋಗದ ಬಣ್ಣ ಮಾತ್ರ. ಯಕೃತ್ತಿನಲ್ಲಿ ಹುಟ್ಟಿದ ಪಿತ್ತರಸ ನಾಳಗಳ ಮೂಲಕ ಕರುಳಿಗೆ ಇಳಿಯಬೇಕು. ದಾರಿ ಕಟ್ಟಿಕೊಂಡರೆ ಅದರ ಹಳದಿ ರಕ್ತಕ್ಕೇ ಮರಳುತ್ತದೆ. ಅಡ್ಡಗಟ್ಟಿದ್ದು ಕಲ್ಲೇ, ನಾಳದ ಒಳಪದರದಲ್ಲೇ ಬೆಳೆದ ಕ್ಯಾನ್ಸರೇ? ಹೊಟ್ಟೆಯ ಆಳದಲ್ಲಿರುವ ಈ ನಾಳದಿಂದ ಪರೀಕ್ಷೆಗೆ ಚೂರು ತೆಗೆಯುವುದು ಸುಲಭವಲ್ಲ. ತೋಳಿನ ರಕ್ತದಲ್ಲೇ ಉತ್ತರ ಸಿಗಬಾರದೇ ಎಂಬ ಆಸೆ ಹುಟ್ಟಿದ್ದು ಆದ್ದರಿಂದಲೇ.

ಈ ಆಸೆಗೆ ಆಸರೆಯಾಗಿ ಬಹುವಾಗಿ ಬಳಕೆಯಲ್ಲಿರುವುದು ‘ಸಿ.ಎ. 19-9’ ಎಂಬ ಸೂಚಕ. ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಹಿಲರಿ ಕೊಪ್ರೋವ್ಸ್ಕಿ ಮತ್ತು ಸಂಗಡಿಗರು 1979ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರನ್ನು ಅಭ್ಯಸಿಸುತ್ತಿದ್ದಾಗ ಕಂಡದ್ದು ಇದು. ಪಿತ್ತನಾಳಕ್ಕೂ ಮೇದೋಜೀರಕ ಗ್ರಂಥಿಗೂ ಹೆಚ್ಚು ಒದಗಿತು. ವಸ್ತುತಃ ಅದೊಂದು ಸಕ್ಕರೆಯ ಸರಪಣಿ. ರಕ್ತದಲ್ಲಿ ಮಿಲಿಲೀಟರಿಗೆ 37 ಯೂನಿಟ್ಟುಗಳವರೆಗೆ ಸಾಮಾನ್ಯವೆಂದು ಎಣಿಕೆ.

ತೊಡಕೆಂದರೆ, ಪಿತ್ತನಾಳದ ಆರೋಗ್ಯವಂತ ಕೋಶಗಳೂ ಈ ಸರಪಣಿಯನ್ನು ಹೆಣೆಯುತ್ತವೆ. ಬರಿಯ ಕಲ್ಲೊಂದು ದಾರಿ ಕಟ್ಟಿ ಸೋಂಕು ತಗುಲಿದರೂ ಅಂಕಿ ನೂರಾರಕ್ಕೆ, ಕೆಲವೊಮ್ಮೆ ಸಾವಿರಕ್ಕೆ ಏರಬಲ್ಲದು. ಪಿತ್ತ ಹರಿಯಲು ದಾರಿ ಮಾಡಿಕೊಟ್ಟ ಮೇಲೆ ಇಳಿಯುತ್ತದೆ. ಕಾಮಾಲೆಯ ಭರದಲ್ಲಿ ತೆಗೆದ ಒಂದು ಅಂಕಿಯನ್ನು ನೋಡಿ ಮನೆಮಂದಿಯೆಲ್ಲ ಅಳಲು ಕೂರುವುದು ನನಗಂತೂ ಅನ್ಯಾಯವೆನಿಸುತ್ತದೆ. ಅಡಚಣೆ ಬಿಡಿಸಿ, ಕಾಮಾಲೆ ಇಳಿದ ಮೇಲೆ ಮತ್ತೊಮ್ಮೆ ನೋಡಬೇಕು. ಆಗಲೂ ಇಳಿಯದಿದ್ದರೆ ಸಂಶಯಕ್ಕೆ ಬಲ ಬರುತ್ತದೆ. ನಿರ್ಣಯಕ್ಕೆ ಚಿತ್ರಗಳೂ ಕೋಶಪರೀಕ್ಷೆಯೂ ಬೇಕೇ ಬೇಕು.

ಇದಕ್ಕೆ ವಿರುದ್ಧವಾದ ವಿಚಿತ್ರವೂ ಉಂಟು. ಎ, ಬಿ, ಓ ಗುಂಪುಗಳನ್ನು ನೀವೆಲ್ಲ ಬಲ್ಲಿರಿ. ಲ್ಯೂಯಿಸ್ ಎಂಬ ಇನ್ನೊಂದು ರಕ್ತಗುಂಪಿನ ಪದ್ಧತಿಯೂ ಇದೆ. ಅದರಲ್ಲಿ ‘ಋಣ’ ಎನಿಸಿಕೊಂಡವರಲ್ಲಿ ಈ ಸರಪಣಿಯನ್ನು ಪೂರ್ಣಗೊಳಿಸುವ ಕಿಣ್ವವೇ ಇರುವುದಿಲ್ಲ. ಐರೋಪ್ಯ ಮೂಲದವರಲ್ಲಿ ಇಂಥವರು ನೂರಕ್ಕೆ ಸುಮಾರು 5ರಿಂದ 10. ಕ್ಯಾನ್ಸರ್ ಎಷ್ಟೇ ಬೆಳೆದರೂ ಇವರ ರಕ್ತ ಬಹುಮಟ್ಟಿಗೆ ಮೌನವಾಗಿರುತ್ತದೆ. ಉಳಿದವರಲ್ಲೂ ಗಡ್ಡೆ ಚಿಕ್ಕದಿರುವಾಗ, ಎಂದರೆ ಶಸ್ತ್ರಚಿಕಿತ್ಸೆಗೆ ಒದಗುವ ಹೊತ್ತಿನಲ್ಲಿ, ಅಂಕಿ ಸಹಜವಾಗಿಯೇ ಇರಬಹುದು. ಹೀಗಿರುತ್ತ ಆರೋಗ್ಯವಂತರಿಗೂ ‘ಕ್ಯಾನ್ಸರ್ ತಪಾಸಣೆ’ಯೆಂದು ಇದನ್ನು ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ.

ಈ ರೋಗ ಜಗತ್ತಿನಲ್ಲೇ ಅತಿ ಹೆಚ್ಚಾಗಿರುವುದು ಥಾಯ್ಲೆಂಡಿನ ಈಶಾನ್ಯ ಸೀಮೆಯಲ್ಲಿ. ಅಲ್ಲಿ ಹಸಿ ಸಿಹಿನೀರಿನ ಮೀನಿನೊಡನೆ ಹೊಟ್ಟೆ ಸೇರುವ ಚಪ್ಪಟೆ ಹುಳು ಪಿತ್ತನಾಳದಲ್ಲಿ ವರ್ಷಗಟ್ಟಲೆ ನೆಲೆಸಿ ಕೆರಳಿಸುತ್ತದೆ. 2013ರಿಂದ ಖೊನ್ ಕೇನ್ ವಿಶ್ವವಿದ್ಯಾಲಯದವರು ಅಲ್ಲಿನ ಹಳ್ಳಿಗರನ್ನು ದೊಡ್ಡ ಸಂಖ್ಯೆಯಲ್ಲಿ ತಪಾಸಿಸಲು ತೊಡಗಿದಾಗ ಮೊದಲ ಸಾಧನವಾಗಿ ಆಯ್ದುಕೊಂಡದ್ದು ಅಲ್ಟ್ರಾಸೌಂಡ್ ಯಂತ್ರವನ್ನು.